ಹದಿನೇಳನೇ ನಂಬರಿನ ನನ್ನ ಮಗನಿಗೆ

ಟಲ್ಲಾ ಸ್ಪ್ರಿಂಗ್ಸ್, ಮಿಸಿಸಿಪ್ಪಿ
ಅಕ್ಟೋಬರ್ ೭, ಮಂಗಳವಾರ

ಮಗನೇ ಕ್ವಿಂಟನ್,

ಕರ್ತನ ಕೈ ನಿನ್ನ ತಲೆಯ ಮೇಲಿರಲಿ. ಹೇಗಿದ್ದೀಯಪ್ಪ? ಕಣಕಾಲು ಊದಿಕೊಂಡಿದ್ದು ಇಳಿಯಿತೇ? ಅಲ್ಲಿ ಆಗಲೇ ಚಳಿ ಹಿಡಿದಿದೆಯಂತೆ. ನಾನು ಕಳಿಸಿದ ಉಣ್ಣೆ ಬನಿಯನ್ನು ಅಂಗಿಯೊಳಗೆ ಹಾಕಿಕೊ, ಯಾರಿಗೂ ಕಾಣುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ತಂಡದವರು ಕೋಳಿ ತುಂಡನ್ನೂ ತಕ್ಕಡಿಯಲ್ಲಿಟ್ಟು ಕೊಡುತ್ತಾರೆ ಅಂತ ನೀನು ಹೇಳಿದ ಮೇಲೆ ನಿಮ್ಮಪ್ಪನಿಗೆ ಅದೇ ಯೋಚನೆ. ಇಲ್ಲಿ ನಾವೆಲ್ಲ ದೇವರ ದಯದಿಂದ ಚೆನ್ನಾಗಿದ್ದೇವೆ. ಗೆಣಸು ಅಗೆಯುತ್ತಿದ್ದೇವೆ, ಈ ಸಲ ದಪ್ಪವಾಗಿ ಕೂತಿದೆ.

ನೀನು ಫೋನು ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನಿನ್ನ ದೊಡ್ಡಮ್ಮನ ಮಗ ಟೇವಿಸ್ ನನ್ನ ಹತ್ತಿರ ಬಾಯಿ ಬಿಟ್ಟ. ಫುಟ್‌ಬಾಲ್ ಆಟ ಬಿಟ್ಟು ಬಂದುಬಿಡ್ತೀನಿ, ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸ ಇದೆಯಾ ಕೇಳಿ ನೋಡು ಅಂದೆಯಂತೆ. ಮೊದಲ ಪಂದ್ಯದಲ್ಲಿ ನಿನ್ನ ಕಡೆಗೆ ಎಸೆದ ಒಂದೇ ಒಂದು ಚೆಂಡು ಕೈಗೆ ಬಡಿದು ಬಿತ್ತು. ಅಲ್ಲಿಂದ ಈಚೆಗೆ ಯಾರೂ ನಿನಗೆ ಎಸೆದಿಲ್ಲ. ಮೈದಾನದ ಅಂಚಿನಲ್ಲಿ ಓಡುವುದು, ತಿರುಗಿ ನೋಡುವುದು, ಬರಿಗೈಯಲ್ಲಿ ವಾಪಸು ಬರುವುದು. ಟಿವಿಯಲ್ಲಿ ನಾನೂ ನೋಡುತ್ತಿದ್ದೇನೆ ಮಗನೇ. ನಿನಗೆ ಬಾ ಅನ್ನಲೋ, ಅಲ್ಲೇ ಇರು ಅನ್ನಲೋ ಎಂದು ಮೊಣಕಾಲೂರಿ ಕೇಳಿದೆ. ದೇವರು ಇನ್ನೂ ಏನೂ ಹೇಳಿಲ್ಲ. ಹೇಳಿದ ಅಂತ ಸುಳ್ಳು ಹೇಳಿ ನಿನ್ನನ್ನು ಅಲ್ಲಿ ಕಟ್ಟಿಹಾಕುವವಳು ನಾನಲ್ಲ.

ಊರಿನಲ್ಲಂತೂ ನಿನ್ನ ಮಾತು ಬಿಟ್ಟರೆ ಬೇರೆ ಮಾತಿಲ್ಲ. ರೂಫಸ್ ಮಾಮನ ಕ್ಷೌರದಂಗಡಿಗೆ ಹೋಗುವುದನ್ನೇ ನಿಮ್ಮಪ್ಪ ಬಿಟ್ಟರು. ಕೂತವರೆಲ್ಲ ನಿನ್ನ ಕೈ, ನಿನ್ನ ಕಾಲು, ನಿನ್ನ ತಿರುವು ಅಂತ ಹರಾಜು ಹಾಕುತ್ತಾರಂತೆ. ನಿಮ್ಮಪ್ಪನ ತಲೆ ಪೊದೆಯಂತಾಯಿತು. ಕೊನೆಗೆ ನಾನೇ ಅಡುಗೆಮನೆಯಲ್ಲಿ ಕೂರಿಸಿ ಕತ್ತರಿ ಆಡಿಸಿದೆ. ಒಂದು ಕಡೆ ಹೆಚ್ಚು ಹೋಗಿದೆ. ಅವರು ಕನ್ನಡಿ ನೋಡಿಕೊಂಡು, ಟೋಪಿ ಹಾಕಿಕೊಂಡು ಹೊಲಕ್ಕೆ ಹೋದರು.

ಕಳೆದ ಶನಿವಾರ ಚರ್ಚಿನ ಹಿಂದೆ ಮೀನು ಕರಿಯುವ ದಿನ. ಎಣ್ಣೆ ಬಾಣಲೆಯ ಮುಂದೆ ಎಂದಿನಂತೆ ಪರ್ವಿಸ್ ತಾತ. ಸಭೆಗೆ ಹಿರಿಯರು, ಬಾಯಿಗೂ ಹಿರಿಯರು. ಮೀನಿಗೆ ಮೆಕ್ಕೆಜೋಳದ ಹಿಟ್ಟು ಹಚ್ಚುತ್ತಿದ್ದವನು ರೂಫಸ್ ಮಾಮ. ನಾನು ಕಿಟಕಿಯ ಒಳಗಡೆ ಕೋಸು ಹೆಚ್ಚುತ್ತಿದ್ದೆ. ಅವರಿಗೂ ಗೊತ್ತಿತ್ತು, ಆದರೂ ದನಿ ತಗ್ಗಿಸಲಿಲ್ಲ. "ಓಡೋದು ಜಿಂಕೆಗೂ ಬರುತ್ತೆ ಕಣೋ. ಜಿಂಕೆ ಚೆಂಡು ಹಿಡಿಯುತ್ತಾ?" ಅಂದರು ಪರ್ವಿಸ್ ತಾತ. "ಜಿಂಕೆಗೆ ಯಾರಾದ್ರೂ ಚೆಂಡು ಎಸೆದು ನೋಡಿದ್ದಾರಾ ತಾತ?" ಅಂತ ರೂಫಸ್. ಹುಡುಗನಿಗೆ ಇನ್ನೂ ಇಪ್ಪತ್ತೆರಡು, ತಂಡದಲ್ಲಿ ಮೂರನೇ ವರ್ಷ ಬರಲಿ, ಆಗ ಅವನ ಆಟ ನೋಡಿ ಅಂದ ರೂಫಸ್. ಮೂರನೇ ವರ್ಷದವರೆಗೆ ಅವರೇನು ಅವನನ್ನು ಉಪ್ಪಿನಕಾಯಿ ಹಾಕಿ ಇಡ್ತಾರಾ ಅಂದರು ತಾತ. ತನ್ನ ಕಡೆ ಎಸೆಯಲ್ಲ ಅಂತ ಗೊತ್ತಿದ್ದೂ ಹುಡುಗ ಒಂದು ಸಲವೂ ಕಾಲು ಎಳೆದಿಲ್ಲ, ಅದನ್ನ ನೋಡಿ ಅಂದ ರೂಫಸ್. "ಬಸ್ಸು ತಪ್ಪಿಸಿಕೊಂಡವನೂ ಹಾಗೇ ಓಡ್ತಾನಪ್ಪ" ಅಂದುಬಿಟ್ಟರು ತಾತ. ಸುತ್ತ ನಿಂತವರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ಹೆಚ್ಚಿದ ಕೋಸು ಹೊರಗೆ ತಂದು ಅವರ ಮುಂದೆ ಇಟ್ಟು, ಮೀನು ಹೊತ್ತುತ್ತಿದೆ ನೋಡಿ ಅಂತ ಮಾತ್ರ ಹೇಳಿದೆ. ನಿಜವಾಗಿ ಹೊತ್ತಿತ್ತು.

ಭಾನುವಾರದ್ದು ಇನ್ನೊಂದು ಕಥೆ. ತರಬೇತಿ ಶಿಬಿರದಲ್ಲಿ ನಿನಗೆ ಎಂಬತ್ತಮೂರು ಕೊಟ್ಟಿದ್ದರಲ್ಲ, ಓರಾ ಮೇ ಅತ್ತೆ ಆಗಲೇ ಚರ್ಚಿನಲ್ಲಿ ಹಾಡುವ ಗುಂಪಿನವರಿಗೆಲ್ಲ ಆ ನಂಬರಿನ ಅಂಗಿ ಹೊಲಿದು ಮುಗಿಸಿದ್ದಳು. ತಂಡ ಆರಿಸಿದ ಮೇಲೆ ನಿನ್ನದು ಹದಿನೇಳು ಆಯಿತು. ಬಿಚ್ಚಿ ಹೊಲಿ ಅಂದರೆ ಕೇಳಿಯಾಳೇ? ದೇವರಿಗೆ ಗೊತ್ತು ನಾನು ಯಾರಿಗೆ ಹೊಲಿದೆ ಅಂತ ಅನ್ನುತ್ತಾಳೆ. ಪಾಸ್ಟರ್ ಉಪದೇಶ ಬೇಗ ಮುಗಿಸಿದರು, ಎಲ್ಲರೂ ಚರ್ಚಿನ ಹಿಂದಿನ ಕೋಣೆಯಲ್ಲಿ ಟಿವಿ ಮುಂದೆ ಕೂತೆವು. ಪಂದ್ಯದ ಮೂರನೇ ಭಾಗದಲ್ಲಿ ನಿಮ್ಮ ತಂಡದ ಎಂಬತ್ತಮೂರನೇ ನಂಬರಿನವನು ಹಾರಿ ಒಂದು ಚೆಂಡು ಹಿಡಿದ ನೋಡು, ಅಂಗಿಯ ಮೇಲೆ ಅದೇ ನಂಬರು ನೋಡಿ ನೋಡಿ ಕಣ್ಣಿಗೆ ರೂಢಿಯಾಗಿತ್ತಲ್ಲ, ನೀನೇ ಅಂತ ಇಡೀ ಕೋಣೆ ಎದ್ದು ನಿಂತಿತು. ಓರಾ ಮೇ ದಮ್ಮಡಿ ಬಡಿದು ಕುಣಿದಳು. ನಾನೂ ಸ್ತೋತ್ರ ಸ್ತೋತ್ರ ಅಂದೆ. ಆಮೇಲೆ ಅವನು ಶಿರಸ್ತ್ರಾಣ ತೆಗೆದ. ಕೆಂಪು ಗಡ್ಡದ ಬಿಳಿಯ! ಎದ್ದವರೆಲ್ಲ ಒಬ್ಬೊಬ್ಬರಾಗಿ ಕೂತರು. ಪರ್ವಿಸ್ ತಾತ ಮೆಲ್ಲಗೆ, "ಇವನು ಚೆನ್ನಾಗಿ ಹಿಡೀತಾನೆ. ಅಂಗಿ ಹೇಗೂ ಇದೆ, ಇವನನ್ನೇ ನಮ್ಮವನು ಮಾಡ್ಕೊಳ್ಳೋಣ" ಅಂದರು. ನಾನೂ ನಕ್ಕೆ. ಮನೆಗೆ ಬಂದು ಪಾತ್ರೆ ತೊಳೆಯುವಾಗ ನಗು ಬರಲಿಲ್ಲ. ನಿಮ್ಮಪ್ಪ ನನ್ನ ಪಕ್ಕ ನಿಂತು ಒಂದೊಂದೇ ತಟ್ಟೆ ಒರೆಸಿದರು.

ನಿನ್ನಲ್ಲಿ ಎಷ್ಟು ಸತ್ವ ಇದೆ ಅಂತ ನನ್ನನ್ನು ಕೇಳಬೇಡ. ಊರಿನ ಶಾಲೆಯಲ್ಲಿ ನಾಲ್ಕಕ್ಷರ ಕಲಿತವಳು ನಾನು, ಆಟದ ಲೆಕ್ಕ ನನಗೆ ತಿಳಿಯುವುದಿಲ್ಲ. ನನ್ನ ಮಟ್ಟಿಗೆ ನೀನು ಮಿಲ್ಲಿನಲ್ಲಿ ಹಲಗೆ ಹೊತ್ತರೂ ಅದೇ ಮಗ. ಆದರೆ ಚೆಂಡು ಬಿದ್ದ ನಾಚಿಕೆಗೆ ಬರುತ್ತೀಯೋ, ಆಟ ಸಾಕಾಗಿ ಬರುತ್ತೀಯೋ, ಅದನ್ನು ನೀನೇ ಕೂತು ತಿಳಿದುಕೊ. ಎರಡೂ ಒಂದೇ ಅಲ್ಲ. ನಾಚಿಕೆಗೆ ಬಂದವನಿಗೆ ಈ ಊರಿನಲ್ಲಿ ಕ್ಷೌರ ಮಾಡಿಸಿಕೊಳ್ಳುವುದೂ ಕಷ್ಟವಾಗುತ್ತೆ, ನಿಮ್ಮಪ್ಪನನ್ನು ನೋಡುತ್ತಿದ್ದೇನಲ್ಲ.

ಬೆಳಿಗ್ಗೆ ಎದ್ದ ಕೂಡಲೇ ಪ್ರಾರ್ಥನೆ ಮಾಡು, ಫೋನು ಆಮೇಲೆ ನೋಡು. ನಿನ್ನ ಜೊತೆ ಕೋಣೆಯಲ್ಲಿರುವ ಹುಡುಗನಿಗೂ ನನ್ನ ಆಶೀರ್ವಾದ ಹೇಳು, ಅವನಿಗೆ ತಾಯಿ ಇಲ್ಲ ಅಂದಿದ್ದೆ. ಕರ್ತನು ನಿನ್ನ ಕಾಲಿಗೂ ಕೈಗೂ ಬಲ ಕೊಡಲಿ, ರಾತ್ರಿ ನಿನಗೆ ನಿದ್ದೆ ಕೊಡಲಿ.

ನಿನ್ನ ಅಮ್ಮ,
ಅರ್ಲೀನ್

ತಾ.ಕ.: ಬುಧವಾರ. ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ, ಟಪಾಲಿನವನು ಬರುವ ಹೊತ್ತಾಯಿತು. ಟೇವಿಸನ ಬಾಯಿ ಪರ್ವಿಸ್ ತಾತನ ಹತ್ತಿರವೂ ನಿಂತಿಲ್ಲ. ಬೆಳಗಿನ ಪ್ರಾರ್ಥನೆ ಕೂಟದಲ್ಲಿ ಅವರು ಎದ್ದು ನಿಂತು, "ಕರ್ತನೇ, ಆ ಹುಡುಗನ ಕೈಲಿ ಚೆಂಡು ನಿಲ್ಲಲ್ಲ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದೀನಿ. ನನ್ನ ಮಾತನ್ನ ಸುಳ್ಳು ಮಾಡು, ನನ್ನ ಕಣ್ಣೆದುರಿಗೇ ಮಾಡು" ಅಂದು ಕೂತರು. ಹೊರಗೆ ಬಂದ ಮೇಲೆ, ಮುಂದಿನ ಶುಕ್ರವಾರ ತಮ್ಮ ವ್ಯಾನಿನಲ್ಲಿ ಹೊರಟು ಭಾನುವಾರ ನಿನ್ನ ಪಂದ್ಯ ನೋಡೋಣ ಅಂದರು. ಅವರು, ಅವರ ಹೆಂಡತಿ, ನಾನು, ನಿಮ್ಮಪ್ಪ. ಆ ಭಾನುವಾರದವರೆಗೆ ಅಲ್ಲೇ ಇರು, ನಾನು ಕೇಳುವುದು ಇಷ್ಟೇ. ಆಮೇಲೂ ಬರಬೇಕು ಅನಿಸಿದರೆ ನಮ್ಮ ಜೊತೆಯೇ ಬಂದುಬಿಡು, ಯಾರೂ ಏನೂ ಅನ್ನದಂತೆ ನಾನು ನೋಡಿಕೊಳ್ಳುತ್ತೇನೆ. ನಿನಗೊಂದು ಸೀಟು ಖಾಲಿ ಇಡಿ ಅಂತ ತಾತನಿಗೆ ಹೇಳಿದೆ. ಒಪ್ಪಲಿಲ್ಲ. ವಾಪಸು ಬರುವಾಗ ಆ ಸೀಟಿನಲ್ಲಿ ಸೇಬಿನ ಪೆಟ್ಟಿಗೆ ಇಡುತ್ತಾರಂತೆ. "ಅವನು ನಮ್ಮ ಜೊತೆ ಹೇಗೆ ಬರ್ತಾನೆ ತಂಗೀ? ಸೋಮವಾರ ಅವನಿಗೆ ಅಭ್ಯಾಸ ಇರುತ್ತಲ್ಲ" ಅಂದರು.