ಗಾಡಿಗೆ ಅಮ್ಮನ ಕಾಲುಚೀಲ

ನೀಲಾಸ್,

ನಾನು ಹಿಮಸಾರಂಗಗಳ ಹತ್ತಿರ ಹೊರಟೆ. ಮಧ್ಯಾಹ್ನ ನೀನು ಅಪ್ಪನ ಸ್ನೋಮೊಬೈಲ್‌ನಲ್ಲಿ ಬಾ.

ಒಳಗೆ ಹಿಮ ತುಂಬಿದ್ದ ಆ ಹಿಮಗಾಡಿಯನ್ನು ನಿನ್ನೆ ಮತ್ತೆ ಬೆಚ್ಚಗಿನ ಕೊಟ್ಟಿಗೆಗೆ ತಂದಿದ್ದೀಯ. ಎಷ್ಟು ಸಲ ಹೇಳಲಿ? ಎಂಜಿನ್ ಮುಚ್ಚಳ ಎತ್ತಿ, ಕರಗಿದ ನೀರನ್ನೆಲ್ಲ ಒರೆಸು. ಇಲ್ಲದಿದ್ದರೆ ಹೊರಗೆ ಹೋದೊಡನೆ ಅದು ಹೆಪ್ಪುಗಟ್ಟಿ ಹ್ಯಾಂಡಲ್ ತಿರುಗುವುದಿಲ್ಲ. ಹೊಳೆ ಸೇರುವಲ್ಲಿ ಸರೋವರದ ಮಂಜುಗಡ್ಡೆ ತೆಳುವಾಗಿದೆ, ಅಲ್ಲಿ ಗಾಡಿಯನ್ನು ಪಕ್ಕಕ್ಕೆ ತಿರುಗಿಸಲೇಬೇಕು.

ಹಿಮ ಒಳನುಗ್ಗದಂತೆ ಗಾಳಿಗಂಡಿಗಳಿಗೆ ಕಟ್ಟಲು ಅಮ್ಮನ ನೈಲಾನ್ ಕಾಲುಚೀಲ ಒಲೆಯ ಪಕ್ಕ ಇಟ್ಟಿದ್ದೇನೆ. ಅಪ್ಪ ಕಟ್ಟುವಾಗಲೆಲ್ಲ ಅಮ್ಮ, "ನನಗಿಂತ ನಿಮ್ಮ ಗಾಡೀಗೇ ಚಳಿ ಜಾಸ್ತಿ, ಅಲ್ವಾ?" ಅನ್ನುತ್ತಿದ್ದಳು. ಅಪ್ಪ ಇನ್ನೊಂದು ಗಂಟು ಬಿಗಿಯುತ್ತಿದ್ದ. ಅವರಿಬ್ಬರೂ ಹೋದ ಮೇಲೆ ನನಗೆ ಹೆಚ್ಚಾಗಿ ನೆನಪಾಗುವುದು ಆ ಗಂಟೇ.

ಅಮ್ಮನದೆಂದು ಉಳಿದಿರುವುದು ಇದೊಂದೇ ಜೊತೆ. ಬೇಕಾದಂತೆ ಕತ್ತರಿಸಿಕೋ. ನೀನು ಬಂದು ಸೇರಿದರೆ ಸಾಕು.

ಅಕ್ಕ