ನಮ್ಮೂರ ಕೆರೆ ಅಳೆಯಲು ನಮ್ಮ ಹುಡುಗಿ ಇನ್ನೆಷ್ಟು ಪರದೇಶಿಯಾಗಬೇಕು?

ವಿದೇಶಿ ವಿದ್ಯಾರ್ಥಿಗಳ ಕೋರ್ಸು ವಿಭಾಗದ ಮುಖ್ಯಸ್ಥರ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ನನ್ನ ಮಗಳು ಬೆಗಾಯಿಮ್ ‘ಕಿರ್ಗಿಜ್ ಜೀವನಕ್ರಮಕ್ಕೆ ಹೊಂದಿಕೊಂಡಿಲ್ಲ’ ಎಂದು ನಿಮ್ಮ ಕಚೇರಿ ಮೊಹರು ಒತ್ತಿ ಕಳಿಸಿದ ಕಾಗದ ನನ್ನ ಮುಂದಿದೆ. ಆದ್ದರಿಂದ ಬರುವ ಸೋಮವಾರ ನಮ್ಮೂರ ಮೇಲಿನ ಹಿಮದ ಕೆರೆಯನ್ನು ಅಳೆಯಲು ಹೊರಡುವ ತಂಡದಲ್ಲಿ ಅವಳಿಗೆ ಜಾಗವಿಲ್ಲವಂತೆ. ಅವಳು ಹುಟ್ಟಿದ್ದೇ ಆ ಕೆರೆಯ ಕೆಳಗಿನ ಸರಿ-ಮೊಯ್ನೋಕ್‌ನಲ್ಲಿ. ಅಪ್ಪ ಕಿರ್ಗಿಜ್, ಅಮ್ಮ ಕಿರ್ಗಿಜ್, ನೀವು ಬಂದರೆ ಕಚ್ಚಲಿರುವ ನಾಯಿಯೂ ಕಿರ್ಗಿಜ್. ಮೂವತ್ತೊಂದು ವರ್ಷ ಕುರಿಗಳಿಗೆ ಮದ್ದು ಮಾಡಿದವನು ನಾನು. ಹುಳ ಬಿದ್ದ ಗಾಯ, ಕೊಳೆತ ಗೊರಸು, ಎಲ್ಲವನ್ನೂ ಬರಿಗೈಲಿ ಮುಟ್ಟಿದ್ದೇನೆ, ಹೇಸಿಗೆಪಟ್ಟಿಲ್ಲ. ನಿಮ್ಮ ಕಾಗದ ಹಿಡಿದ ಮೇಲೆ ಕೈ ತೊಳೆದುಕೊಂಡೆ.

ಮೊದಲಿನಿಂದ ಹೇಳುತ್ತೇನೆ. ಉದ್ದವಾದರೆ ಸಹಿಸಿಕೊಳ್ಳಿ, ನಿಮ್ಮ ಬಾಗಿಲಲ್ಲಿ ನಾವು ಇದಕ್ಕಿಂತ ಹೆಚ್ಚು ಹೊತ್ತು ನಿಂತಿದ್ದೇವೆ. ಬೆಗಾಯಿಮ್ ನಿಮ್ಮದೇ ವಿಶ್ವವಿದ್ಯಾಲಯದಲ್ಲಿ ಮೂರನೇ ವರ್ಷದ ಭೂಗೋಳ ಓದುತ್ತಿದ್ದಳು. ಕಳೆದ ಶರತ್ಕಾಲ ಮನೆಗೆ ಬಂದಾಗ ನಿಮ್ಮ ವಿಭಾಗದ ಪಟ್ಟಿ ತಂದಿದ್ದಳು. ಅರವತ್ತೊಂದು ಕೋರ್ಸು, ಎಲ್ಲವೂ ಇಂಗ್ಲಿಷಿನಲ್ಲಿ. ನಲವತ್ತು ವರ್ಷದ ಹಿಂದೆ ಕಾಲೇಜಿನಲ್ಲಿ ನಮಗೂ ಇಂಗ್ಲಿಷ್ ಹೇಳಿಕೊಟ್ಟಿದ್ದರು. ‘ಲಂಡನ್ ಈಸ್ ದ ಕ್ಯಾಪಿಟಲ್ ಆಫ್ ಗ್ರೇಟ್ ಬ್ರಿಟನ್’ ಎಂಬ ವಾಕ್ಯವೊಂದು ಇವತ್ತಿಗೂ ಅಲುಗದೆ ನಿಂತಿದೆ, ಉಳಿದದ್ದು ಕುರಿಗಳ ಜೊತೆ ಮೇಯಲು ಹೋಯಿತು. ಆದರೂ ನಿಘಂಟು ಇಟ್ಟುಕೊಂಡು ಮೂರು ದಿನ ಕೂತು ಓದಿದೆ. ಕಲ್ಲಿನ ಶಾಸ್ತ್ರವಿದೆ, ಕಾನೂನಿದೆ, ಕುದುರೆ ಸವಾರಿಯಿದೆ, ಉಣ್ಣೆ ಮಿದ್ದು ಕಂಬಳಿ ಮಾಡುವುದಿದೆ, ಬೇಟೆಯ ಹದ್ದು ಪಳಗಿಸುವುದಿದೆ. ಭಲೇ ಎಂದುಕೊಂಡೆ. ನಲವತ್ತನಾಲ್ಕನೆಯದು ಹಿಮದ ಕೆರೆಗಳ ಅಳತೆ ಮತ್ತು ಪ್ರವಾಹದ ಮುನ್ಸೂಚನೆ, ಹತ್ತು ದಿನ ಸ್ಥಳದಲ್ಲೇ ಕೆಲಸ. ಸ್ಥಳ ಯಾವುದು? ನಮ್ಮ ಕೆರೆ! ಪಟ್ಟಿಯ ತಲೆಯ ಮೇಲೆ ಮಾತ್ರ ದಪ್ಪಕ್ಷರದಲ್ಲಿತ್ತು: ಹೊರದೇಶದಿಂದ ಬರುವವರಿಗೆ ಮಾತ್ರ.

ಆರು ವರ್ಷದ ಹಿಂದೆ ಆ ಕೆರೆಯ ಒಂದು ಮೂಲೆ ಒಡೆದಿತ್ತು. ಒಲೆಯ ಮೇಲಿಟ್ಟ ನೀರು ಕುದಿಯುವಷ್ಟರಲ್ಲಿ ಸೇತುವೆ, ಹನ್ನೊಂದು ಕೊಟ್ಟಿಗೆ, ಪಕ್ಕದ ಮನೆಯ ತುರ್ದುಬೈನ ಎಪ್ಪತ್ತು ಕುರಿ ಕೊಚ್ಚಿ ಹೋದವು. ನನ್ನ ಹೆಂಡತಿ ಬಾತ್ಮಾ ಆಗ ಇದ್ದಳು. ಕೆಸರಿನಲ್ಲಿ ನಿಂತು, “ನೀರು ಬರುತ್ತೆ ಅಂತ ಒಂದು ಗಂಟೆ ಮುಂಚೆ ಹೇಳೋರು ಈ ಊರಲ್ಲಿ ಒಬ್ರೂ ಇಲ್ವಲ್ಲ” ಎಂದಳು. ಹದಿನಾಲ್ಕರ ಬೆಗಾಯಿಮ್ ಪಕ್ಕದಲ್ಲಿ ನಿಂತು ಕೇಳಿಸಿಕೊಂಡಳು. ಭೂಗೋಳ ಓದಲು ಹೋದದ್ದು ಅದಕ್ಕೇ. ಬಾತ್ಮಾ ಮರುವರ್ಷವೇ ತೀರಿಹೋದಳು, ಆ ಮಾತು ಮನೆಯಲ್ಲೇ ಉಳಿಯಿತು.

ಎರಡು ಬೇಸಿಗೆಯಿಂದ ನಿಮ್ಮ ತಂಡಗಳು ಬರುತ್ತಿವೆ, ಅಳೆಯುತ್ತಿವೆ, ಹೋಗುತ್ತಿವೆ. ಅಳತೆಯೂ ಅವರ ಚೀಲದಲ್ಲೇ ಹೋಗುತ್ತದೆ. ಒಂದು ಹಾಳೆ ನಮಗೂ ಕೊಡಿ ಎಂದದ್ದಕ್ಕೆ ನಿಮ್ಮ ಉತ್ತರ, ಅದು ವಿದ್ಯಾರ್ಥಿಗಳ ಪರೀಕ್ಷೆಯ ಭಾಗ, ಗೋಪ್ಯ. ನಾವು ಮುಳುಗುವುದು ಯಾರ ಪರೀಕ್ಷೆಯ ಭಾಗ, ಸ್ವಾಮಿ?

ಚಳಿಗಾಲದಲ್ಲಿ ಮಗಳನ್ನು ಕರೆದುಕೊಂಡು ನಾನೇ ನಿಮ್ಮ ಕಚೇರಿಗೆ ಬಂದೆ. ಗಾಜಿನ ಹಿಂದೆ ಕೂತಿದ್ದ ಹೆಣ್ಣುಮಗಳು, “ಅಕ್ಸಕಾಲ್, ಪಟ್ಟಿ ಮೇಲೆ ಏನ್ ಬರ್ದಿದೆ ಓದಿದ್ರಾ?” ಎಂದು ಕೇಳಿದಳು. ಬಿಳಿಗಡ್ಡಕ್ಕೆ ಕೊಟ್ಟ ಮರ್ಯಾದೆ ಆ ಸಂಬೋಧನೆಯಲ್ಲೇ ಮುಗಿಯಿತು.

“ಓದ್ದೆ ತಾಯಿ. ಆದ್ರೆ ಇವಳು ಆ ಕೆರೆ ಕೆಳಗೇ ಹುಟ್ಟಿದೋಳು.”

“ಅದೇ ನೋಡಿ ತೊಂದ್ರೆ. ಹೊರಗಡೆಯೋಳಾಗಿದ್ರೆ ಈಗ್ಲೇ ಹೆಸರು ಬರ್ಕೋತಿದ್ದೆ.”

ಬೆಗಾಯಿಮ್ ಮೆಟ್ಟಿಲಿಳಿಯುತ್ತಾ, “ಹಾಗಿದ್ರೆ ಹೊರಗಡೆಯೋಳೇ ಆಗ್ತೀನಿ ಬಿಡಪ್ಪಾ” ಎಂದಳು. ತಮಾಷೆ ಎಂದುಕೊಂಡೆ. ಅವಳು ನಿಮ್ಮಲ್ಲಿ ಹೆಸರು ತೆಗೆಸಿ, ಗಡಿಯಾಚೆ ಅಲ್ಮಾಟಿಯ ಒಂದು ವಿದ್ಯಾಲಯಕ್ಕೆ ಸೇರಿದಳು. ಅಲ್ಲಿಂದ ವಿನಿಮಯ ವಿದ್ಯಾರ್ಥಿನಿಯಾಗಿ ಅರ್ಜಿ ಹಾಕಿದಳು. ನಿಮ್ಮ ಪಟ್ಟಿಯ ಬಾಗಿಲು ತಟ್ಟನೆ ತೆರೆಯಿತು. ಜೂನ್ ಮೊದಲ ವಾರ ನಿಮ್ಮ ಕಚೇರಿಯಿಂದ ನನಗೆ ಫೋನು.

“ಅಭಿನಂದನೆ! ಹೊರದೇಶದ ಒಬ್ಬ ವಿದ್ಯಾರ್ಥಿನಿಗೆ ಉಳ್ಕೊಳ್ಳೋಕೆ ನಿಮ್ಮ ಮನೆ ಗೊತ್ತು ಮಾಡಿದೀವಿ. ಹೆಸರು ಬೆಗಾಯಿಮ್. ಮೊದಲ ವಾರ ಕುಮಿಸ್ ಕೊಡಬೇಡಿ, ಕುದುರೆ ಹಾಲು ಅವರ ಹೊಟ್ಟೆಗೆ ಒಗ್ಗಲ್ಲ.”

“ಅವಳು ಎರಡು ವರ್ಷದೋಳಿದ್ದಾಗಿಂದ ಕುಡೀತಿದಾಳೆ.”

“ಹಾಗಂತ ಅರ್ಜೀಲಿ ಬರ್ದಿಲ್ವಲ್ಲ.”

ಮಗಳೂ ನಾನೂ ನಕ್ಕೆವು. ನಗುವ ಕಾಲ ಅಲ್ಲಿಗೆ ಮುಗಿಯಿತು. ಹೊರಗಿನಿಂದ ಬಂದವರು ಮೊದಲು ‘ಕಿರ್ಗಿಜ್ ಜೀವನ ಪರಿಚಯ’ ಎಂಬ ಎರಡು ವಾರದ ಪಾಠ ಪಾಸಾಗಬೇಕು, ಪಾಸಾಗದವರನ್ನು ಬೆಟ್ಟಕ್ಕೆ ಕಳಿಸುವಂತಿಲ್ಲ ಎಂದು ನಿಮ್ಮ ನಿಯಮ. ಕೊನೆಯ ಪರೀಕ್ಷೆ ಅತಿಥಿಗೆ ಚಹಾ ಕೊಡುವುದು. ರಾಜಧಾನಿಯ ಗಾಳಿಯಲ್ಲಿ ನೀವು ಮರೆತಿರಬಹುದು, ಅದಕ್ಕೆ ಬರೆಯುತ್ತೇನೆ. ನಮ್ಮಲ್ಲಿ ಬಟ್ಟಲಿಗೆ ಅರ್ಧ ಹಾಕುತ್ತೇವೆ, ಅತಿಥಿ ಮತ್ತೆ ಮತ್ತೆ ಕೇಳಲಿ, ಕೂತೇ ಇರಲಿ ಎಂದು. ತುಂಬಿಸಿ ಕೊಟ್ಟರೆ ‘ಕುಡಿದು ಹೊರಡಿ’ ಎಂದ ಹಾಗೆ. ನಿಮ್ಮ ಕೈಪಿಡಿ ಬರೆದ ಹೊರದೇಶದ ಸಲಹೆಗಾರರು ಅಂಚಿನವರೆಗೆ ತುಂಬಿಸುವುದೇ ಗೌರವ ಎಂದು ಬರೆದಿದ್ದಾರೆ. ಬೆಗಾಯಿಮ್ ಅರ್ಧ ಹಾಕಿದಳು.

ಪರೀಕ್ಷಕ ಹುಡುಗ ತಾಲಾಸ್ ಪ್ರಾಂತ್ಯದ ಕಡೆಯವನಂತೆ, ಅವನೂ ಕಿರ್ಗಿಜ್. “ಕೈಪಿಡೀಲಿ ಪೂರ್ತಿ ಅಂತಿದೆ” ಎಂದನಂತೆ.

“ನಿಮ್ಮಜ್ಜಿ ಹೇಗೆ ಕೊಡ್ತಿದ್ರು, ಮೇಷ್ಟ್ರೇ?”

“ನಮ್ಮಜ್ಜಿ ಈ ಪರೀಕ್ಷೆಗೆ ಕೂತಿಲ್ಲಮ್ಮ.” ಆಮೇಲೆ ದನಿ ತಗ್ಗಿಸಿ, “ನಂಗೂ ಗೊತ್ತು ತಂಗಿ. ತುಂಬಿಸಿ ಕೊಟ್ಬಿಡು, ಪಾಸು ಅಂತ ಬರೀತೀನಿ” ಎಂದನಂತೆ.

ತುಂಬಿಸಿ ಕೊಡಬಾರದಿತ್ತೇ ಎಂದು ಮಗಳ ಮೇಲೆ ರೇಗಿದೆ. ಮುಚ್ಚಿಡುವುದೇಕೆ, ನಾನಾಗಿದ್ದರೆ ಕೊಟ್ಟುಬಿಡುತ್ತಿದ್ದೆ. ಅವಳು ಹೇಳಿದ್ದಿಷ್ಟು: “ಅತಿಥಿ ಅಂತ ಒಬ್ಬ ಅಜ್ಜೀನ ಕೂರಿಸಿದ್ರಪ್ಪಾ. ಯಾವ್ದೋ ಹಳ್ಳಿಯಿಂದ ಕರ್ಕೊಂಡು ಬಂದಿದ್ರು. ಅವ್ರ ಮುಖ ನೋಡ್ಕೊಂಡು ಎದ್ದು ಹೋಗಿ ಅನ್ನೋಕಾಗುತ್ತಾ?”

ತುರ್ದುಬೈಗೆ ಸುದ್ದಿ ಮುಟ್ಟಲು ಅರ್ಧ ದಿನವೂ ಬೇಕಾಗಲಿಲ್ಲ. ಬೇಲಿಯ ಆಚೆಯಿಂದಲೇ ಕೂಗಿದ: “ಏನಣ್ಣಾ, ನಿನ್ ಮಗಳು ಕಿರ್ಗಿಜ್ ಆಗೋದ್ರಲ್ಲಿ ಫೇಲಂತೆ? ನನ್ ಕತ್ತೆಗೆ ಒಂದು ಅರ್ಜಿ ತರ್ಸಿಕೊಡು, ಅದು ಯಾರು ಏನ್ ಹೇಳಿದ್ರೂ ತಲೆ ಆಡಿಸುತ್ತೆ!” ಕೂಗಿ ಮುಗಿಸಿದವನು ಬೇಲಿ ದಾಟಿ ಬಂದು ಪಕ್ಕದಲ್ಲಿ ಕೂತ. “ಕಲ್ಲಿನ ಏರಿಗೂ ನೀರಿಗೂ ಈಗ ಒಂದಾಳು ಎತ್ತರ ಇಲ್ಲ ಕಣಣ್ಣಾ. ನಿನ್ನೆ ಹೋಗಿ ನೋಡಿದೆ” ಎಂದ.

ಒಂದಾಳು ಎತ್ತರವಿಲ್ಲ ಎಂದು ಕಣ್ಣಿಗೆ ಕಾಣುತ್ತದೆ. ಇನ್ನೆಷ್ಟು ದಿನ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಅದನ್ನು ಹೇಳುವ ಯಂತ್ರ ನಿಮ್ಮಲ್ಲಿದೆ, ಕಲಿಸುವ ಮೇಷ್ಟ್ರು ನಿಮ್ಮಲ್ಲಿದ್ದಾರೆ, ಕಲಿತು ಇಲ್ಲೇ ಉಳಿಯುವವಳು ನಮ್ಮಲ್ಲಿದ್ದಾಳೆ. ಈ ಮೂರನ್ನೂ ಒಂದು ಕಡೆ ಸೇರಿಸದಿರಲು ನೀವು ಪಟ್ಟ ಶ್ರಮದ ಕಾಲು ಭಾಗ ಸಾಕಿತ್ತು, ನಮಗೊಂದು ಸೇತುವೆ ಏಳುತ್ತಿತ್ತು. ಸ್ವಂತ ನಾಡಿನ ಮಕ್ಕಳನ್ನು ಬಾಗಿಲಾಚೆ ನಿಲ್ಲಿಸಿ, ಸ್ವಂತ ನಾಡನ್ನೇ ಪಟ್ಟಿ ಮಾಡಿ ಪ್ರದರ್ಶನಕ್ಕಿಡುವ ಈ ಕೆಲಸಕ್ಕೆ ‘ಅಂತಾರಾಷ್ಟ್ರೀಯ ಗುಣಮಟ್ಟ’ ಎನ್ನುತ್ತೀರಂತೆ. ನನಗೆ ವಾಕರಿಕೆ ಬರುತ್ತದೆ.

ಮರುಪರೀಕ್ಷೆಯ ಭಿಕ್ಷೆ ನಮಗೆ ಬೇಡ. ಶನಿವಾರದೊಳಗೆ ತಂಡದ ಪಟ್ಟಿಯಲ್ಲಿ ಬೆಗಾಯಿಮ್ ಹೆಸರಿರಬೇಕು. ಎರಡು ವರ್ಷದ ಅಳತೆಯ ಪ್ರತಿ ನಮ್ಮೂರ ಶಾಲೆಯ ಗೋಡೆಗೆ ಬರಬೇಕು.

ಇಲ್ಲದಿದ್ದರೆ ಕೇಳಿ. ಸೋಮವಾರ ನಿಮ್ಮ ವ್ಯಾನು ಮುರಿದ ಸೇತುವೆಯ ತನಕ ಬರುತ್ತದೆ, ಅಲ್ಲಿಂದ ಮೇಲಕ್ಕೆ ಕುದುರೆಯೇ ಗತಿ. ನೀವು ಗೊತ್ತು ಮಾಡಿದ ಒಂಬತ್ತು ಕುದುರೆ ನಮ್ಮೂರ ಒಂಬತ್ತು ಮನೆಯವು. ನಿನ್ನೆ ಒಂಬತ್ತು ಮನೆಯವರೂ ನಮ್ಮ ಅಂಗಳದಲ್ಲಿ ಸೇರಿದ್ದರು. ಹೊರಗಿನಿಂದ ಬಂದ ಮಕ್ಕಳ ಮೇಲೆ ನಮಗೆ ಸಿಟ್ಟಿಲ್ಲ, ಅವರಿಗೆ ಊಟ ಹಾಕುತ್ತೇವೆ, ಹಾಸಿಗೆ ಹಾಸುತ್ತೇವೆ. ಕೆರೆ ಅಳೆಯದೆ ಉಳಿದರೆ ನಷ್ಟ ನಮ್ಮೂರಿಗೇ ಎಂದು ನೀವು ನಗಬಹುದು. ಎರಡು ವರ್ಷ ಅಳೆದದ್ದರಿಂದ ನಮಗೆ ಸಿಕ್ಕಿದ್ದೇನು? ಸೋಮವಾರ ಬೆಗಾಯಿಮ್‌ಳದೂ ಸೇರಿ ಹತ್ತು ಕುದುರೆಗೆ ಜೀನು ಬೀಳುತ್ತದೆ, ಇಲ್ಲವೇ ಒಂದಕ್ಕೂ ಬೀಳುವುದಿಲ್ಲ.

ಇಂತಿ,
ಆ ನೀರಿನ ಕೆಳಗೆ ದಿನವೂ ಮಲಗಿ, ಇವತ್ತಿನವರೆಗೆ ಎದ್ದಿರುವ
ಝುಮಾದಿಲ್
ನಿವೃತ್ತ ಕುರಿವೈದ್ಯ, ಸರಿ-ಮೊಯ್ನೋಕ್