ಹೊಡೆದುಹಾಕಿದ ‘ಬತ್ತೀನಿ’

ಅಮ್ಮ,

ಇವತ್ತು ಬಂಗಾರಪೇಟೆಯಲ್ಲಿ ಹೊಸಬರಿಗೆ ಕಥೆ ಬರೆಯುವುದನ್ನು ಕಲಿಸುವ ಶಿಬಿರಕ್ಕೆ ಹೋಗಿದ್ದೆ. ಇನ್ನೂ ಮೈ ಉರಿಯುತ್ತಿದೆ.

ಪಾತ್ರ, ಸ್ಥಳ, ಸಂಘರ್ಷ, ಸಂಭಾಷಣೆ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದರು. ಅದನ್ನೆಲ್ಲ ಒಪ್ಪಿಕೊಂಡೆ. ಆಮೇಲೆ ನಾನು ಬರೆದ ನಿನ್ನ ಕಥೆ ಓದಿದೆ. ಮೈಸೂರು ಮೈನ್ಸ್‌ನ ಗಣಿ ಕಾಲೋನಿಯ ಮನೆಯಿಂದ ಆಸ್ಪತ್ರೆಗೆ ಹೊರಟ ತಾಯಿ ಬಾಗಿಲಲ್ಲಿ ನಿಂತು, “ಓಗ್ಬತ್ತೀನಿ ಕಣ್ಲಾ” ಅನ್ನುತ್ತಾಳೆ. ಅವಳು ಮತ್ತೆ ಮನೆಗೆ ಬರುವುದಿಲ್ಲ.

ಮೇಷ್ಟ್ರು ನನ್ನ ಹಾಳೆ ಇಸಿದುಕೊಂಡು ‘ಬತ್ತೀನಿ’ ಮೇಲೆ ಗೀಟು ಎಳೆದರು. “ಅವಳು ಬರೋದೇ ಇಲ್ವಲ್ರೀ. ಕಥೆಯಲ್ಲಿ ಕೆಲಸವಿಲ್ಲದ ಮಾತು ಇರಬಾರದು. ‘ಹೋಗುತ್ತೇನೆ’ ಅಂತ ಬರೀರಿ.”

“ಸಾರ್, ಮನೆ ಬಿಡೋವಾಗ ಬರೀ ‘ಓಗ್ತೀನಿ’ ಅಂತ ನಿಮ್ಮನೇಲಿ ಯಾರಾದ್ರೂ ಅಂತಾರಾ?” ಅಂದೆ. ಕೆಲವರು ನಕ್ಕರು. ನಗಲಿ. ಜನರ ಬಾಯಿಂದ ಮಾತು ಕಿತ್ತುಕೊಳ್ಳುವ ಸಾಹಿತ್ಯ ಜನರಿಗೆ ಬೇಡ ಎಂದು ನಾನು ಓದಿದ ಕರಪತ್ರದಲ್ಲಿತ್ತು. ಅದನ್ನೂ ಜೋರಾಗಿಯೇ ಹೇಳಿದೆ. ಆಸ್ಪತ್ರೆಯಿಂದ ವಾಪಸು ಬರಲು ಅಷ್ಟು ಹೆಣಗಿದವಳ ‘ಬತ್ತೀನಿ’ಯನ್ನು ಅಳಿಸುವ ಹಕ್ಕನ್ನು ಇವರಿಗೆ ಕೊಟ್ಟವರು ಯಾರು?

ಆಗ ಕ್ಯಾಸಂಬಳ್ಳಿಯ ಸಹನ ಎಂಬ ಹುಡುಗಿ ನನ್ನ ಪರವಾಗಿ ಎದ್ದಳು. “ಸಾರ್, ಆ ಮಾತು ಇರ್ಲಿ ಬಿಡಿ. ಆದ್ರೆ ಅದಕ್ಕೆ ಮಗ ‘ಓಗ್ಬಾಮ್ಮ’ ಅಂದ್ರೇನೇ ಮಾತು ಪೂರ್ತಿಯಾಗೋದು. ಇವ್ರು ಅದನ್ನ ಬರಿಯೋದು ಮರೆತವ್ರೆ,” ಅಂದಳು.

ಎಲ್ಲರೂ ನನ್ನ ಕಡೆ ತಿರುಗಿದರು. ಅಮ್ಮ, ನಾನು ಮರೆತಿರಲಿಲ್ಲ.

“ನಡೀದೇ ಇರೋದನ್ನ ನಾನು ಬರಿಯಲ್ಲ,” ಎಂದು ಹೇಳಿ ಕೂತೆ.